ನಮ್ಮ ಶಾಲೆಯ ಕಂಪ್ಯೂಟರಿನ ಮೂರ್ಛೆ

ಕೆಟ್ಟು ನಿಂತ ಯಂತ್ರದ ಪಕ್ಕದಲ್ಲಿ ಹೆಂಗಸೊಬ್ಬಳು ಕಂಡರೆ ಸಾಕು, ಕೆಡಿಸಿದವಳು ಅವಳೇ ಎಂದು ಲೋಕ ತೀರ್ಮಾನಿಸಿಬಿಡುತ್ತದೆ. ರೇಡಿಯೊ ಗೊರಗೊರ ಎಂದರೂ ಅಷ್ಟೆ, ಗಡಿಯಾರ ನಿಂತರೂ ಅಷ್ಟೆ. ಈ ವಿಷಯದಲ್ಲಿ ನನಗಿರುವ ಸಿಟ್ಟು ಹಳೆಯದು. ಎಂಬತ್ತರ ದಶಕದ ಕೊನೆಯಲ್ಲಿ, ಶಿರಾದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರಾಗಿದ್ದಾಗ ಹುಟ್ಟಿದ್ದು ಅದು.

ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂತು. ತರಬೇತಿಗೆಂದು ತುಮಕೂರಿಗೆ ಹೋಗಿ ಬಂದಿದ್ದವಳು ನಾನೊಬ್ಬಳೇ. ಅಲ್ಲಾದರೂ ಗಂಡಸರ ಭುಜಗಳ ಸಂದಿಯಿಂದ ಅದರ ಒಂದು ಮೂಲೆಯನ್ನಷ್ಟೇ ಕಂಡಿದ್ದೆ. ಹೆಡ್‌ಮಿಸ್ ಸರೋಜಮ್ಮನವರು ಅದಕ್ಕೆ ಕಸೂತಿಯ ಹೊದಿಕೆ ಹೊಲಿಸಿ, ಚಪ್ಪಲಿ ಹೊರಗೆ ಬಿಡಿಸಿ, ನನ್ನನ್ನು ಒಳಗೆ ಕರೆದರು. ಸ್ವಿಚ್ ಒತ್ತಿದೆ. ಪರದೆ ಹಸಿರಾಗಿ ಬೆಳಗಿತು, ಒಂದೆರಡು ಸಾಲು ಅಕ್ಷರ ಮೂಡಿತು, ‘ಟುಸ್’ ಎಂದು ಕತ್ತಲಾಯಿತು. ಮತ್ತೆ ಒತ್ತಿದರೆ ಮತ್ತೆ ಅದೇ. ಸ್ಟಾಫಿನವರೆಲ್ಲ ನನ್ನ ಬೆರಳನ್ನೇ ನೋಡಿದರು.

ಸುದ್ದಿ ಬಾಲಕರ ಹೈಸ್ಕೂಲಿಗೆ ಮುಟ್ಟಿತು. ಅಲ್ಲಿನ ಹೆಡ್‌ಮಾಸ್ಟರು ಬಂದು, ಕೈ ಹಿಂದೆ ಕಟ್ಟಿಕೊಂಡು ಸುತ್ತು ಹಾಕಿ, “ನಮಗೆ ಕೊಟ್ಬುಡಿ ಮೇಡಂ. ಹೆಣ್ಮಕ್ಳು ಇದನ್ನ ಕಟ್ಕೊಂಡು ಏನ್ ಮಾಡ್ತವೆ? ಉದ್ಘಾಟನೆ ದಿನ ವಿದ್ಯಾ ಇಲಾಖೆ ಸಾಹೇಬ್ರ ಮುಂದೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಾನೇ ಗಾಡಿ ತರ್ತೀನಿ” ಎಂದರು. ಸರೋಜಮ್ಮನವರು “ಆಗ್ಲಿ” ಎಂದುಬಿಡುವುದೇ! ನನ್ನ ಮೈಯೆಲ್ಲ ಉರಿಯಿತು.

ಅಂದಿನಿಂದ ಪಾಠ ಮುಗಿದೊಡನೆ ಅದರ ಮುಂದೆಯೇ ನನ್ನ ವಾಸ. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಫ್ಲಾಪಿ ಬದಲಾಯಿಸಿದೆ, ಪ್ಲಗ್ಗು ಬದಲಾಯಿಸಿದೆ, ಧೂಳು ಊದಿ ಊದಿ ತಲೆ ಸುತ್ತಿಸಿಕೊಂಡೆ. ಹುಲಿಕುಂಟೆ ಕಡೆಯ ನಮ್ಮ ಆಯಾ ಹನುಮಕ್ಕ, “ದಿಷ್ಟಿ ಆಗೈತೆ ಕಣಮ್ಮ. ನೋಡಾಕೂ ಅಂಗೇ ಬೆಳ್ಳಗೆ ಐತಲ್ಲ” ಎಂದು ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಇಡೀ ಒಂಬತ್ತನೇ ಕ್ಲಾಸು ಕೆಮ್ಮಿತು; ಕಂಪ್ಯೂಟರ್ ಮಾತ್ರ ಮಿಸುಕಲಿಲ್ಲ.

ಉದ್ಘಾಟನೆ ಹತ್ತಿರ ಬಂತು. ಒಂದು ಶುಕ್ರವಾರ ಮಧ್ಯಾಹ್ನ, ‘ಸಾಯಿ ಅತ್ಲಾಗೆ’ ಎಂದು ಬೈದುಕೊಂಡೇ ಸ್ವಿಚ್ ಒತ್ತಿದೆ. ಬೆಳಗಿತು! ಅಕ್ಷರಗಳು ಸಾಲಾಗಿ ಇಳಿದವು, ಕೊನೆಗೆ ಚಿಕ್ಕ ಗೆರೆಯೊಂದು ಮಿಣುಕುತ್ತ ನನ್ನ ಅಪ್ಪಣೆಗೆ ಕಾದು ನಿಂತಿತು. ನಾನು ಉಸಿರಾಡಲಿಲ್ಲ. ಅಷ್ಟರಲ್ಲಿ ಕಾಂಪೌಂಡಿನಾಚೆ ಹಿಟ್ಟಿನ ಮಿಲ್ಲು ‘ಟಕಟಕ’ ಎಂದಿತು. ತಲೆಯ ಮೇಲಿನ ಫ್ಯಾನು ಸೋತಿತು. ಪರದೆ ಕುಗ್ಗಿ ಕತ್ತಲಾಯಿತು. ಮಿಲ್ಲಿನ ಬಾಷಾ ಸಾಬರು ನಮಾಜು ಮುಗಿಸಿ ಬಂದು ಮೋಟರು ಹಾಕಿದ್ದರು. ಮಿಲ್ಲಿಗೂ ನಮಗೂ ಒಂದೇ ಕರೆಂಟ್ ಲೈನು. ಅದು ಎದ್ದರೆ ಇದು ಬೀಳಬೇಕು!

ಸೆರಗು ಸಿಕ್ಕಿಸಿಕೊಂಡು ಹೋಗಿ ಜಗಳಕ್ಕೇ ನಿಂತೆ. “ಅರೆ, ನಿಮ್ ಡಬ್ಬಕ್ಕೋಸ್ಕರ ಊರ್ ಮಂದಿ ಹಿಟ್ಟು ನಿಲ್ಸಕ್ಕಾಯ್ತದಾ ಟೀಚರಮ್ಮ?” ಎಂದರು ಸಾಬರು.

“ನಿಮ್ಮ ಮಗಳು ನೂರ್‌ಜಾನೂ ನಮ್ಮ ಶಾಲೇಲೇ ಇದಾಳೆ. ಆ ಡಬ್ಬ ಹುಡುಗರ ಶಾಲೆಗೆ ಹೋಗ್ಲಾ?”

ಸಾಬರು ಹಿಟ್ಟು ಮೆತ್ತಿದ ಗಡ್ಡ ಕೆರೆದುಕೊಂಡರು. “ಆ ದಿನ ಫಂಕ್ಷನ್ ಮುಗಿಯೋಗಂಟ ಬಂದ್ ಮಾಡ್ತೀನಿ. ಜಲ್ದಿ ಮುಗಿಸಿ.”

ಉದ್ಘಾಟನೆಯ ದಿನ ಮಿಲ್ಲು ನಿಂತಿತು, ಕಂಪ್ಯೂಟರ್ ಎದ್ದಿತು. ನೂರ್‌ಜಾನ್ ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಒತ್ತಿದಳು. ಬಾಲಕರ ಶಾಲೆಯ ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಲು ಕೈ ಹಿಂದಿನಿಂದ ಮುಂದಕ್ಕೆ ತರಲೇಬೇಕಾಯಿತು. ಸಾಹೇಬರು ಹಿಗ್ಗಿ, ಶಾಲೆಗೆ ಬೇರೆ ಲೈನು ಕೊಡಿಸುತ್ತೇನೆಂದರು, ಕೊಡಿಸಿಯೂ ಕೊಟ್ಟರು. ಆದರೆ ಅಂದು ಅವರು ಭಾಷಣಕ್ಕೆ ನಿಂತವರು ಸಂಜೆಯಾದರೂ ಕೂರಲಿಲ್ಲ.

ಹಸಿದು, ಗೆದ್ದು ಮನೆಗೆ ಬಂದರೆ ಅತ್ತೆ ಮುಖ ಗಂಟು ಹಾಕಿಕೊಂಡಿದ್ದರು. “ಮುದ್ದೆ ಇಲ್ಲ, ಮಂಡಕ್ಕಿ ಐತೆ, ತಿನ್ನು. ಬಿಸ್ಲಲ್ಲಿ ರಾಗಿ ಹೊತ್ಕೊಂಡು ಹೋಗಿ ಅಂಗೇ ಬಂದ್ಬುಟ್ಟೆ ಕಣಮ್ಮ. ಯಾವಳೋ ಟೀಚರಂತೆ, ಮಿಲ್ಲೇ ನಿಲ್ಸವ್ಳಂತೆ. ಅವಳ ಮನೇಲಿ ಹಿಟ್ಟು ತಿನ್ನಾಕಿಲ್ವಾ?”

ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಿಟ್ಟು ಉಕ್ಕಿ ಬಂತು. “ಎಂಥ ಹೆಂಗಸೋ ಅತ್ತೆ ಅವಳು!” ಎಂದೆ, ಮನಸಾರೆ.