ಸೋದರಮಾವನ ಗವಿ ದರ್ಶನ

ಬೇರೆಯವರು ಗವಿ ನೋಡಿ ಬಂದರೆ ನಾಲ್ಕು ಜನರಿಗೆ ಫೋಟೊ ತೋರಿಸುತ್ತಾರೆ. ನಮ್ಮ ಮನೆಯವರು ಹೋಗಿ ಬಂದರೆ ತೋರಿಸಲು ಏನೂ ಇರುವುದಿಲ್ಲ, ಹೇಳಿಕೊಂಡು ಮರುಗಲು ಮಾತ್ರ ಬೇಕಾದಷ್ಟು ಇರುತ್ತದೆ. ಭಕ್ತಿ ಸ್ವಲ್ಪ ಕಡಿಮೆ ಇದ್ದಿದ್ದರೆ ನಾವೂ ಎಲ್ಲರ ಹಾಗೆ ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತಿದ್ದೆವೋ ಏನೋ.

ಇದೆಲ್ಲ ಶುರುವಾದದ್ದು ನನ್ನ ಸೋದರಮಾವನಿಂದ. ಅವರು ರಾಯಚೂರು–ಹೈದರಾಬಾದ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ದಾರಿಯಲ್ಲಿ ಒಂದು ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಒಂದು ಕಪ್ಪು ಬಾಯಿ. ಒಳಗೆ ದೊಡ್ಡದೊಂದು ಪಡಸಾಲೆಯಿದೆ, ಅದರ ಸೂರಿನಿಂದ ಬಿಳೀ ಕಲ್ಲು ಇಳಿಬಿದ್ದಿದೆ ಎಂದು ಪ್ರಯಾಣಿಕರು ಹೇಳುತ್ತಿದ್ದರಂತೆ. ಸರ್ವಿಸ್ ಇಡೀ ಮಾವ ಅದನ್ನು ಕಿಟಕಿಯಿಂದ ನೋಡಿದರು. ಊರೂರಿಗೆ ಬಸ್ ನಿಲ್ಲಿಸಿದವರಿಗೆ ಅಲ್ಲೊಂದು ಕಡೆ ನಿಲ್ಲಿಸುವ ಅಧಿಕಾರ ಇರಲಿಲ್ಲ. ರಿಟೈರ್ ಆಗಿ ಅತ್ತೆಯೊಡನೆ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ನಮ್ಮ ಗಲ್ಲಿಗೇ ಮನೆ ಮಾಡಿಕೊಂಡು ಬಂದ ಮೇಲೆ ಅವರಿಗೆ ಉಳಿದದ್ದು ಒಂದೇ ಆಸೆ. "ಸಾಯೂದ್ರೊಳಗ ಆ ಪಡಸಾಲಿ ಒಮ್ಮೆ ಕಣ್ತುಂಬ ನೋಡಬೇಕೋ," ಅನ್ನುತ್ತಿದ್ದರು.

ಚಪ್ಪಲಿ

ಗವಿಗೆ ಹೊಸಬರನ್ನು ಕರೆದೊಯ್ಯುವ ಒಂದು ಸಣ್ಣ ಗುಂಪು ಸಿಕ್ಕಿತು. ಅದರ ಮುಂದಾಳು ಮೈಸೂರಿನ ಹುಡುಗಿ, ಹೈದರಾಬಾದಿನ ಉಪ್ಪಲ್ ಕಡೆ ಸಾಫ್ಟ್‌ವೇರ್ ಕೆಲಸ, ಗವಿಯ ವಿಷಯದಲ್ಲಿ ಹೆಡ್‌ಮಾಸ್ತರರ ಶಿಸ್ತು. ತಲೆಗೆ ಹೆಲ್ಮೆಟ್, ಒಬ್ಬೊಬ್ಬರ ಹತ್ತಿರ ಮೂರು ಬ್ಯಾಟರಿ, ಹಿಡಿತ ಇರುವ ಶೂ, ಎಲ್ಲಿಗೆ ಹೋಗುತ್ತೇವೆ ಯಾವಾಗ ಬರುತ್ತೇವೆ ಎಂದು ಹೊರಗೊಬ್ಬರಿಗೆ ಹೇಳಿರಬೇಕು. ಎಲ್ಲದಕ್ಕೂ ಮಾವ ಹೂಂ ಅಂದರು. ಗವಿಯ ಬಾಯಿಗೆ ಹೋಗಿ ನೋಡಿದರೆ ಬರಿಗಾಲಲ್ಲಿ ಕೈಮುಗಿದು ನಿಂತಿದ್ದಾರೆ.

"ಅಂಕಲ್, ಶೂ ಎಲ್ಲಿ?"

"ಚಪ್ಪಲಿ ಕೆಳಗ ಗಿಡದ ಬುಡಕ್ಕ ಬಿಟ್ಟು ಬಂದೀನಿ ತಂಗಿ. ಭೂಮ್ತಾಯಿ ಹೊಟ್ಟಿ ಇದು. ಇದ್ರೊಳಗ ಕಾಲಾಗ ಹಾಕ್ಕೊಂಡು ಹೋಗೂದು ಹೆಂಗ?"

"ಒಳಗೆ ಕಲ್ಲು ಚೂರಿ ಥರ ಇರತ್ತೆ, ಅಂಕಲ್. ಶೂ ಇಲ್ದೆ ನಾನು ಬಿಡಲ್ಲ."

ಇದು ಗುಡಿಯಲ್ಲ ಎಂದು ಅವಳು, ಗುಡಿಯೇ ಎಂದು ಇವರು. ಕೊನೆಗೆ ಹುಡುಗಿಯೇ ಗೆದ್ದಳು. ಅಷ್ಟು ದೂರ ಹೋದವರು ಬಾಯಿ ನೋಡಿ ವಾಪಸ್ ಇಳಿದೆವು. ಮಾವನ ಮುಖ ನೋಡಲಾಗಲಿಲ್ಲ. ಕೆಳಗೆ ಗಿಡದ ಬುಡಕ್ಕೆ ಬಂದರೆ ಚಪ್ಪಲಿ ಇಲ್ಲ. ಮಾವ ಅಲ್ಲೆಲ್ಲ ಹುಡುಕಿ, ಸೋತು ಕಾರು ಹತ್ತುವಾಗ ಹುಡುಗಿಗೆ ಹೇಳಿದರು:

"ಈಗರ ನಂಬ್ತಿಯೇನವಾ? ಚಪ್ಪಲಿ ಕಳುವಾಗ್ಯಾವ. ಗುಡಿ ಅನ್ನಾಕ ಇನ್ನೇನು ಸಾಕ್ಷಿ ಬೇಕು?"

ಕುಂಕುಮ

ಎರಡನೇ ಸಲ ಮಾವನಿಗೆ ಹೊಸ ಶೂ ಬಂತು. ಅವರ ಮೇಲೆ ಕಣ್ಣಿಡಲು ನನ್ನ ಹೆಂಡತಿಯೂ ಬಂದಳು. ಅವಳ ಮೇಲೆ ಕಣ್ಣಿಡಲು ಯಾರೂ ಇರಲಿಲ್ಲ, ಅದೇ ತಪ್ಪಾದದ್ದು.

ಒಳಗೆ ಸ್ವಲ್ಪ ದೂರ ಹೋದರೆ ನೆಲದಿಂದ ಎದ್ದ ಒಂದು ಬಿಳೀ ಕಲ್ಲು. ಮೇಲಿನಿಂದ ಅದರ ನೆತ್ತಿಗೆ ಹನಿ ಹನಿ ನೀರು. "ಏನನ್ನೂ ಮುಟ್ಟಬೇಡಿ, ಕೈಯ ಜಿಡ್ಡು ತಾಗಿದರೂ ಕಲೆ ಉಳಿಯತ್ತೆ," ಎಂದು ಹುಡುಗಿ ಮುಂದೆ ಹೇಳುತ್ತಿದ್ದಳು. ಹಿಂದೆ ನನ್ನ ಹೆಂಡತಿ ಪರ್ಸಿನಿಂದ ಕುಂಕುಮದ ಭರಣಿ ತೆಗೆದು, ಕಲ್ಲಿನ ಹಣೆ ಅನ್ನಿಸಿದ ಕಡೆ ಹಚ್ಚಿ, ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು.

ಹುಡುಗಿ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ನಾಚಿಕೆಯಾಯಿತು.

"ಒರಸಿಬಿಡ್ಲೇನವಾ?" ಎಂದಳು ಹೆಂಡತಿ.

"ಬೇಡ ಆಂಟಿ, ಇನ್ನೂ ಹರಡತ್ತೆ. ನೀರು ಇದರ ಮೇಲೇ ಕಲ್ಲು ಕಟ್ಟತ್ತೆ. ಸಾವಿರಾರು ವರ್ಷ ಹೋಗಲ್ಲ ಇದು."

ಮುಂದೆ ಹೋಗುವ ಮನಸ್ಸು ಯಾರಿಗೂ ಉಳಿಯಲಿಲ್ಲ. ಪಡಸಾಲೆ ಆ ಸಲವೂ ತಪ್ಪಿತು. ಹೆಂಡತಿ ದಾರಿಯುದ್ದಕ್ಕೂ ಅತ್ತಳು. ಮನೆ ಹತ್ತಿರ ಬಂದಂತೆ ಅಳು ನಿಂತು ಏನೋ ಯೋಚನೆ ಹತ್ತಿತು.

"ಸಾವಿರ ವರ್ಷ ಅಳಿಯದ ಕುಂಕುಮ ಯಾವ ಮುತ್ತೈದಿಗೆ ಸಿಕ್ಕೈತ್ರಿ? ಅದೇನೋ ಉಳೀತದ," ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮ್ದೇ ಚಿಂತಿ."

ಮಂಚ

ಪಡಸಾಲೆಗೆ ಹೋಗಲು ಒಂದು ಕಡೆ ಹೊಟ್ಟೆಯ ಮೇಲೆ ತೆವಳಬೇಕು. ಮನೆಯಲ್ಲಿ ರೂಢಿ ಮಾಡಿಕೊಳ್ಳಿ ಎಂದು ಹುಡುಗಿ ಹೇಳಿಕಳಿಸಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಇಕ್ಕಟ್ಟಾದ ಜಾಗ ಅಂದರೆ ಮಂಚದ ಕೆಳಗೆ. ಮಾವ ಹೆಲ್ಮೆಟ್ ಹಾಕಿಕೊಂಡು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಏಳುವುದು, ನಾನು ಬ್ಯಾಟರಿ ಹಿಡಿಯುವುದು.

ಒಂದು ದಿನ ಅವರು ನಡುವೆ ಸಿಕ್ಕಿಕೊಂಡು ಬರೀ ಕಾಲು ಹೊರಗಿದ್ದಾಗ ಪಕ್ಕದ ಮನೆಯ ತೆಲುಗಿನಾಕೆ ಮೊಸರಿಗೆ ಹೆಪ್ಪು ಕೇಳಲು ಬಂದರು. ಏನು ಕಳೆದಿದೆ ಎಂದು ಕೇಳಿದರು. ಮಂಚದ ಕೆಳಗಿನಿಂದ ಮಾವನೇ ತೆಲುಗಿನಲ್ಲಿ ಉತ್ತರ ಕೊಟ್ಟರು, ಏನೂ ಕಳೆದಿಲ್ಲಮ್ಮಾ, ಮುಂದೆ ಹೋಗುವುದು ಕಲಿಯುತ್ತಿದ್ದೇನೆ ಎಂದು. ಆಕೆ ಹೆಪ್ಪು ಮರೆತು ಹೋದರು. ಸಂಜೆ ಉದ್ದ ಕೋಲಿನ ಕಸಬರಿಗೆಯೊಂದನ್ನು ತಂದುಕೊಟ್ಟು, ಇದು ಮೂಲೆಯವರೆಗೂ ಹೋಗುತ್ತದೆ, ದೊಡ್ಡವರನ್ನು ಯಾಕೆ ಒಳಗೆ ಕಳಿಸುತ್ತೀರಿ ಎಂದು ನನ್ನ ಹೆಂಡತಿಗೆ ಬುದ್ಧಿ ಹೇಳಿದರು.

ಪಡಸಾಲೆ

ಮೂರನೇ ಸಲ ಹುಡುಗಿ ನನ್ನ ಹೆಂಡತಿಯನ್ನು ಗವಿಯ ಹೊರಗೇ ಕೂರಿಸಿದಳು. ನಾವು ಹೊತ್ತಿಗೆ ಸರಿಯಾಗಿ ಬರದಿದ್ದರೆ ಫೋನ್ ಮಾಡುವ ಜವಾಬ್ದಾರಿ ಅವಳದು. ಮರ್ಯಾದೆಯ ಕೆಲಸ, ಕುಂಕುಮಕ್ಕೂ ದೂರ.

ಒಳಗೆ ಆ ಬಿಳೀ ಕಲ್ಲಿನ ಹತ್ತಿರ ಬಂದು ಬ್ಯಾಟರಿ ಬೆಳಕು ಬಿಟ್ಟೆ. ಕುಂಕುಮ ನೋಡಿ ಯಾರೋ ಹೂವು ಏರಿಸಿದ್ದರು. ಹೂವು ನೋಡಿ ಇನ್ಯಾರೋ ಕಾಯಿ ಒಡೆದಿದ್ದರು. ಊದುಬತ್ತಿಯ ಹೊಗೆ ಗೋಡೆಗೆ ಕಪ್ಪಾಗಿ ಅಂಟಿತ್ತು. "ಮೊದಲು ಇಲ್ಲೆಲ್ಲ ಬಾವಲಿ ಇದ್ವು," ಎಂದಷ್ಟೇ ಹೇಳಿ ಹುಡುಗಿ ಮುಂದೆ ನಡೆದಳು. ಬೈದಿದ್ದರೆ ವಾಸಿಯಿತ್ತು.

ತೆವಳುವ ಜಾಗವನ್ನು ಮಾವ ನಮಗಿಂತ ಮೊದಲೇ ದಾಟಿದರು. ಮಂಚದ ಪುಣ್ಯ. ಆಮೇಲೆ ಪಡಸಾಲೆ. ಉಳಿದ ಬಾವಲಿಗಳು ಅಲ್ಲಿದ್ದವು, ಹಾಗಾಗಿ ಮಾತು ಮೆಲ್ಲಗೆ, ಫೋಟೊ ಇಲ್ಲ. ಮಾವ ಕತ್ತೆತ್ತಿ ಕೈಮುಗಿದು ಬಹಳ ಹೊತ್ತು ನಿಂತರು. ನಾನು ಅವರ ಬೆಲ್ಟ್ ಹಿಡಿದು, ಜಾರುವ ಕಲ್ಲಿನ ಮೇಲಿದ್ದ ಅವರ ಹಿಮ್ಮಡಿಯನ್ನೇ ನೋಡುತ್ತ ನಿಂತಿದ್ದೆ. ಅವರು ಬಿದ್ದರೆ ಅತ್ತೆಗೆ ಏನು ಹೇಳಲಿ ಎನ್ನುವುದೊಂದೇ ತಲೆಯಲ್ಲಿ.

ವಾಪಸ್ ಬರುವಾಗ ಮಾವ ಕಾರಿನ ಕಿಟಕಿಯಿಂದ ಆ ಗುಡ್ಡವನ್ನೇ ತಿರುತಿರುಗಿ ನೋಡುತ್ತಿದ್ದರು. ಮನಸ್ಸು ತುಂಬಿದೆ ಅಂದುಕೊಂಡೆ. ಶಹರ ಹತ್ತಿರ ಬಂದಾಗ ಮೆಲ್ಲಗೆ ಕೇಳಿದರು, "ಹೆಂಗಿತ್ತೋ ಪಡಸಾಲಿ?"

"ನೀವೂ ಅಲ್ಲೇ ನಿಂತಿದ್ರೆಲ್ಲ ಮಾವ."

"ನಿಂತಿದ್ದೆ. ಬೆಳ್ಳಗ ಏನೋ ಮಬ್ಬು ಮಬ್ಬು ಕಾಣ್ತು. ಹೆಲ್ಮೆಟ್ಟಿಗೆ ಕನ್ನಡಕದ ಕಡ್ಡಿ ಒತ್ತಾಕತ್ತಿತ್ತು, ಬಿಚ್ಚಿ ನಿನ್ನ ಹೆಂಡ್ತಿ ಕೈಯಾಗ ಕೊಟ್ಟಿದ್ದೆ. ಒಳಗ ಹೆಂಗಿದ್ರೂ ಕತ್ತಲಿ, ಕನ್ನಡಕ ಹಾಕ್ಕೊಂಡು ಏನು ನೋಡೂದೈತಿ ಅಂತ."

ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಮತ್ತೊಮ್ಮೆ ಹೋದರಾಯಿತು ಎಂದು ಸಮಾಧಾನ ಹೇಳಿದೆ. ಮತ್ತೊಮ್ಮೆ ಬರಲಿಲ್ಲ. ಕಾಯಿ ಕರ್ಪೂರದ ಜನ ಹೆಚ್ಚಾಗಿ, ಉಳಿದ ಬಾವಲಿಯನ್ನಾದರೂ ಉಳಿಸಿಕೊಳ್ಳೋಣ ಎಂದು ಅರಣ್ಯ ಇಲಾಖೆಯವರು ಗವಿಯ ಬಾಯಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಹಾಕಿದ್ದು ಸರಿ. ಆದರೆ ಮಾವನ ಗವಿ ಮತ್ತೆ ಕಿಟಕಿಯಿಂದ ನೋಡುವ ಗವಿಯಾಯಿತು, ಆ ದುಃಖ ನನಗೆ ಇವತ್ತಿಗೂ ಹೋಗಿಲ್ಲ.

ಭಾನುವಾರ ಬಂದು ಕೂತು ಅವರು ಕೇಳುತ್ತಾರೆ, ಪಡಸಾಲೆ ಹೇಗಿತ್ತು ಹೇಳು ಅಂತ. ನನಗೆ ಗೊತ್ತಿರುವುದು ಅವರ ಹಿಮ್ಮಡಿ. ಆದರೂ ಹೇಳುತ್ತೇನೆ, ಸೂರಿನಿಂದ ಮಲ್ಲಿಗೆ ದಂಡೆ ಇಳಿಬಿಟ್ಟ ಹಾಗೆ ಕಲ್ಲು, ಹಾಗೆ, ಹೀಗೆ. ಮೊನ್ನೆ ಊರಿನಿಂದ ಬಂದ ಬೀಗರ ಮುಂದೆ ಮಾವ ನನ್ನ ಮಾತನ್ನೇ ಬಣ್ಣ ಕಟ್ಟಿ ಹೇಳುತ್ತಿದ್ದರು. ಬೀಗರು ಬಿಡಲಿಲ್ಲ, ಕಲ್ಲು ನೆಲ ಮುಟ್ಟಿತ್ತೋ ಇಲ್ಲವೋ ಎಂದು ಕೇಳಿದರು. ಮಾವ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಚಹಾ ತಂದ ನನ್ನ ಹೆಂಡತಿ, "ಎರಡು ಮುಟ್ಟಿದ್ವು, ಒಂದು ಮುಟ್ಟಿರಲಿಲ್ಲ," ಎಂದು ಕಪ್ಪು ಇಟ್ಟು ಒಳಗೆ ಹೋದಳು.

ಬೀಗರಿಗೆ ಆಶ್ಚರ್ಯ. "ಆಕಿ ಗವಿ ಹೊರಗ ಕುಂತಿದ್ಲು ಅಂದ್ರೆಲ್ಲ, ಆಕಿಗೆ ಹೆಂಗ ಗೊತ್ತು?"

ಮಾವ ನಿಟ್ಟುಸಿರು ಬಿಟ್ಟು ಚಹಾ ಎತ್ತಿಕೊಂಡರು. "ಆಕಿಗೆ ಗೊತ್ತಿರತೈತ್ರಿ. ಕನ್ನಡಕ ಆಕಿ ಕಡೇನ ಇತ್ತಲ್ಲ."