ತೂಕ ಇಳಿಸಿ ಹೊರಟ ಕಾರು

ತುಮಕೂರಿನ ಒಂದು ಖಾಸಗಿ ಬಸ್ ಕಂಪನಿಯ ಡ್ರೈವರುಗಳಿಗೆ ಡೀಸೆಲ್ ಉಳಿಸುವ ಪಾಠ ಹೇಳುವುದು ಆಗ ನನ್ನ ಕೆಲಸ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಪಾಠ ಹೇಳಲು ಅದೇನೂ ಅಡ್ಡಿಯಾಗಿರಲಿಲ್ಲ! ಗುಬ್ಬಿ ಲೈನಿನವರು, ಕುಣಿಗಲ್ ಲೈನಿನವರು ಎಲ್ಲರೂ ಆಕಳಿಸುತ್ತಾ ಕೂತು, "ಆಯ್ತು ಸಾ" ಎಂದು ಎದ್ದು ಹೋಗುತ್ತಿದ್ದರು. ಒಬ್ಬನೂ ಪಾಲಿಸಿದ್ದನ್ನು ಕಾಣದೆ ನನಗೆ ಸಾಕುಸಾಕಾಗಿತ್ತು.

ಹೀಗಿರುವಾಗ ಕುಣಿಗಲ್‌ನಲ್ಲಿ ಭಾಮೈದನ ಮದುವೆ ಬಂತು. ತುಮಕೂರಿನಲ್ಲಿ ಮಾಡಿಸಿದ ತಾಳಿಯನ್ನು ಮುಹೂರ್ತಕ್ಕೆ ಮುಂಚೆ ತಲುಪಿಸುವ ಹೊಣೆ ನಮ್ಮದು. ಬೆಳಗ್ಗೆ ಮರಳೂರಿನ ನಮ್ಮ ಮನೆ ಮುಂದೆ ಬಾಡಿಗೆ ಅಂಬಾಸಿಡರ್ ಬಂದು ನಿಂತಿತು. ನಾನು ಡ್ರೈವರ್ ರಂಗಪ್ಪನಿಂದ ಡಿಕ್ಕಿ ತೆಗೆಸಿದೆ. ಅನಗತ್ಯ ತೂಕವೇ ಇಂಧನದ ಪರಮ ಶತ್ರು ಎಂಬುದು ನನ್ನ ಮೊದಲ ಪಾಠ. ಆ ಶತ್ರು ಅಲ್ಲಿ ದುಂಡಗೆ ಮಲಗಿತ್ತು!

"ಸ್ಟೆಪ್ನಿ ಇಳ್ಸಪ್ಪಾ ರಂಗಪ್ಪ."

"ಪಂಚರ್ ಆದ್ರೆ ಸಾ?"

"ಹೊಸ ಟೈರು ಅಂದ್ಯಲ್ಲ?"

"ಹೊಸವು ಮುಂದಿನವು ಸಾ. ಹಿಂದಿನವು ದೇವ್ರ ಮೇಲೆ ಭಾರ."

"ಹಾಗಾದ್ರೆ ದೇವ್ರಿದಾನೆ. ಇಳ್ಸು."

ಹೆಬ್ಬೂರು ದಾಟಿದ್ದೇ ಹಿಂದಿನ ಟೈರು ಢಬ್ ಎಂದಿತು. ರಂಗಪ್ಪ ಇಳಿದು ನೋಡಿ ಬೀಡಿ ಹಚ್ಚಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಾಳಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ನನ್ನ ಹೆಂಡತಿ ಸರೋಜ, "ಏನ್ರೀ, ಇನ್ನೊಂದು ಚಕ್ರ ಇರುತ್ತಲ್ಲ, ಹಾಕ್ಸಿ" ಎಂದಳು.

"ಇದೆ."

"ಎಲ್ಲಿ?"

"ನಮ್ಮನೆ ವರಾಂಡದಲ್ಲಿ."

"ಮುಹೂರ್ತ ಮೀರಿದ್ರೆ ನಮ್ಮಪ್ಪಂಗೆ ಏನ್ ಹೇಳ್ಲಿ?" ಎಂದು ಅಳತೊಡಗಿದಳು.

ಅಷ್ಟರಲ್ಲಿ ನಮ್ಮ ಕಂಪನಿಯದೇ ಕುಣಿಗಲ್ ಬಸ್ಸು ಬಂತು. ಡ್ರೈವರ್ ಬಸವರಾಜ, ನನ್ನ ಶಿಷ್ಯ! ಎರಡೂ ಕೈ ಎತ್ತಿ ರಸ್ತೆ ಮಧ್ಯೆ ನಿಂತೆ. ಅವನು ಬಸ್ಸನ್ನು ಪಕ್ಕಕ್ಕೆ ತಿರುಗಿಸಿ, ಕತ್ತು ಹೊರಗೆ ಹಾಕಿ, "ಸ್ಟಾಪ್ ಇಲ್ದ ಕಡೆ ನಿಲ್ಸಿದ್ರೆ ಡೀಸೆಲ್ ದಂಡ ಅಂತ ನೀವೇ ಹೇಳಿದ್ದು ಸಾ!" ಎಂದು ಹೊರಟೇಬಿಟ್ಟ. ನನ್ನ ಪಾಠ ಪಾಲಿಸಿದ ಮೊದಲನೇ ಮನುಷ್ಯ!

ಸರೋಜ ಡಬ್ಬಿಯನ್ನು ಕಂಕುಳಲ್ಲಿಟ್ಟು, ಸೀರೆ ಎತ್ತಿಕಟ್ಟಿ ಬಸ್ಸಿನ ಹಿಂದೆ ಓಡಿದಳು. "ಅಣ್ಣಾ, ಮದ್ವೆ ನಿಂತೋಗುತ್ತೆ ಕಣಣ್ಣಾ!" ಬಸ್ಸು ಗಕ್ಕನೆ ನಿಂತಿತು, ಅವಳು ಹತ್ತಿದಳು. ನಾನೂ ಹಿಂದೆಯೇ ಓಡಿ ಫುಟ್‌ಬೋರ್ಡ್ ಮೇಲೆ ಕಾಲಿಟ್ಟೆ.

"ನೀವೆಲ್ಲಿಗೆ? ಹೋಗಿ ಆ ಚಕ್ರ ತನ್ನಿ" ಎಂದಳು.

"ರೈಟ್!" ಎಂದ ಕಂಡಕ್ಟರ್.

ತುಮಕೂರು ಬಸ್ಸು ಹಿಡಿದು ಮನೆಗೆ ಹೋಗಿ, ಚಕ್ರವನ್ನು ಉರುಳಿಸಿಕೊಂಡು ಬಂದು, ಇನ್ನೊಂದು ಬಸ್ಸಿಗೇರಿಸಿ, ಕೊನೆಗೆ ರಂಗಪ್ಪನ ಜೊತೆ ಅದನ್ನು ಕಾರಿಗೆ ಹಾಕಿ ಛತ್ರ ಮುಟ್ಟುವಷ್ಟರಲ್ಲಿ ಮದುವೆ ಮುಗಿದು ಊಟವೂ ಆಗಿತ್ತು. ಸದ್ಯ, ತಾಳಿ ಹೊತ್ತಿಗೆ ಸರಿಯಾಗಿ ತಲುಪಿತ್ತು. ನನ್ನ ಪಂಚೆ, ಶರ್ಟು, ಮುಖ ಎಲ್ಲಾ ಮಸಿ, ಗ್ರೀಸು.

ಹೆಣ್ಣುಗಂಡಿನ ಜೊತೆ ಮನೆಯವರೆಲ್ಲ ಫೋಟೋಗೆ ನಿಂತಿದ್ದರು. ನಾನೂ ಏದುಸಿರು ಬಿಡುತ್ತಾ ಹೋಗಿ ಸರೋಜಳ ಪಕ್ಕದಲ್ಲಿ ನಿಂತೆ.

"ಡ್ರೈವರು ಸ್ವಲ್ಪ ಪಕ್ಕಕ್ಕೆ ಹೋಗ್ಬೇಕು" ಎಂದ ಫೋಟೋದವನು.

ಇವರು ನನ್ನ ಗಂಡ ಎಂದು ಇವಳಾದರೂ ಹೇಳಲಿ ಎಂದು ನಾನು ಹೆಂಡತಿಯ ಮುಖ ನೋಡಿದೆ. ಅವಳು ಕ್ಯಾಮೆರಾದ ಕಡೆಗೇ ನಗುತ್ತಾ ಹೇಳಿದಳು:

"ಹೇಳ್ತಿಲ್ವೇನಪ್ಪಾ, ಪಕ್ಕಕ್ಕೆ ಹೋಗು."