ಅಧಿಕೃತ ಮೊಳ

ಅಮ್ಮನವರ ಹಳೆಯ ದಿನಚರಿಯಲ್ಲಿ ನವೆಂಬರ್ ಒಂಬತ್ತರ ಪುಟ ಹೀಗೆ ಹೇಳುತ್ತದೆ: "ಬೆಳಿಗ್ಗೆ ಏಳೂ ಹತ್ತಕ್ಕೆ ಒಲೆಯ ಒಳಗಿನ ಉದ್ದ ಅಳೆದೆ. ಹದಿನೆಂಟು ಇಂಚು. ಮೂರು ಸಲ ಅಳೆದರೂ ಹದಿನೆಂಟೇ. ಡಿಪೋದಿಂದ ಬಂದ ನೂರು ಸೌದೆಗಳಲ್ಲಿ ನಲವತ್ತೊಂದು ಇದಕ್ಕಿಂತ ಉದ್ದ. ಒಲೆಯ ಬಾಗಿಲು ಮುಚ್ಚುತ್ತಿಲ್ಲ. ಇವರಿಗೆ ಕೆಮ್ಮು."

ಇವರು ಎಂದರೆ ಯಜಮಾನರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಒಳಕೋಣೆಯ ಕಬ್ಬಿಣದ ಒಲೆಯ ಎದುರಿಗೇ ಅವರ ಮಂಚ. ಬಾಗಿಲು ಮುಚ್ಚಿದರೆ ಕೋಣೆ ಬೆಚ್ಚಗಿರುತ್ತಿತ್ತು. ಮುಚ್ಚದಿದ್ದರೆ ಹೊಗೆಯೆಲ್ಲ ನೆಟ್ಟಗೆ ಅವರ ಎದೆಗೆ. ಅಮ್ಮನವರು ಆ ಕಾಲಕ್ಕೇ ಬಿ.ಎಸ್ಸಿ. ಮೊದಲ ದರ್ಜೆಯಲ್ಲಿ ಪಾಸಾದವರು. ಬೀದಿಯವರು ಬೆನ್ನ ಹಿಂದೆ ತಮ್ಮನ್ನು ರಿಜಿಸ್ಟರ್ ಅಮ್ಮ ಎನ್ನುತ್ತಾರೆಂಬುದು ಅವರಿಗೆ ಗೊತ್ತಿತ್ತು. ಅದನ್ನೂ ತಾರೀಖು ಹಾಕಿ ಬರೆದಿಟ್ಟುಕೊಂಡಿದ್ದರು.

ಮೊದಲು ಡಿಪೋ ಮಾಲೀಕನಿಗೆ ಹೇಳಿ ನೋಡಿದರು.

"ಉದ್ದ ಇದ್ರೆ ಕೊಯ್ಕೊಳ್ಳಿ ಅಮ್ಮಾವ್ರೇ, ಗಿಡ್ಡ ಇದ್ರೆ ಇನ್ನೊಂದು ಹಾಕ್ಕೊಳ್ಳಿ. ಮರ ಏನು ನಿಮ್ಮ ಒಲೆ ಕೇಳ್ಕೊಂಡು ಬೆಳೆಯುತ್ತಾ?"

ಈ ಉತ್ತರದಲ್ಲಿ ವಿಜ್ಞಾನವಿರಲಿಲ್ಲ. ಅಮ್ಮನವರು ಪಟ್ಟಣ ಕಚೇರಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಬರೆದರು: ಮಾರಾಟದ ಸೌದೆಗೆ ಹದಿನೇಳೂವರೆ ಇಂಚಿನ ಒಂದೇ ಉದ್ದವನ್ನು ಗೊತ್ತುಪಡಿಸಬೇಕು. ಡಿಪೋದವರ ಕೈಚಳಕ ಬಲ್ಲವರಾದ್ದರಿಂದ ಇನ್ನೊಂದು ಸಾಲನ್ನೂ ಸೇರಿಸಿದರು: ಒಮ್ಮೆ ಗೊತ್ತಾದ ಸೌದೆಯನ್ನು ಯಾರೂ, ಯಾವ ಕಾರಣಕ್ಕೂ, ಎಲ್ಲಿಯೂ ಮೊಟಕುಗೊಳಿಸಕೂಡದು.

ಕಚೇರಿ ಅರ್ಜಿಯನ್ನು ಗಂಭೀರವಾಗಿ ಪರಿಗಣಿಸಿತು. ಏಳು ಜನರ ಸಮಿತಿ ರಚನೆಯಾಯಿತು. ಸಮಿತಿ ಪರೀಕ್ಷೆಗೆಂದು ನಾಲ್ಕು ಗಾಡಿ ಸೌದೆ ತರಿಸಿ, ಸದಸ್ಯರ ಮನೆಗಳಲ್ಲಿ ಎರಡು ತಿಂಗಳು ಉರಿಸಿ ನೋಡಿ, ಬೂದಿಯನ್ನು ಲಕೋಟೆಯಲ್ಲಿಟ್ಟು ಕಡತಕ್ಕೆ ಸೇರಿಸಿತು. ಆಮೇಲೆ ಇಂಚಿನ ಲೆಕ್ಕ ಬೇಡವೆಂದು ತೀರ್ಮಾನಿಸಿತು. ಜನಸಾಮಾನ್ಯರ ಬಳಿ ಟೇಪು ಇರುವುದಿಲ್ಲ, ಕೈ ಇರುತ್ತದೆ. ಆದ್ದರಿಂದ ಸೌದೆಯ ಉದ್ದ ಒಂದು ಮೊಳ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಎಂದು ಅಡಿಟಿಪ್ಪಣಿಯಲ್ಲಿ ವಿವರಿಸಲಾಗಿತ್ತು.

ಮರುದಿನವೇ ಡಿಪೋ ಮಾಲೀಕ ಅಳತೆ ಹಾಕಲು ತನ್ನ ಕುಳ್ಳ ಭಾವಮೈದನನ್ನು ನೇಮಿಸಿಕೊಂಡ. ಕೊಳ್ಳುವವರು ಏಣಿಯಿಲ್ಲದೆ ಬಲ್ಬು ಬದಲಾಯಿಸುವ ಲೈಟ್‌ಕಂಬದವನನ್ನು ಜೊತೆಗೆ ಕರೆತಂದರು. ಕೈ ಕೈ ಮಿಲಾಯಿಸಿದ ಮೇಲೆ ಸಮಿತಿ ಮತ್ತೆ ಕೂತಿತು. ಊರಿಗೆಲ್ಲ ಒಂದೇ ಮೊಳವಿರಬೇಕು, ಅದು ಕಚೇರಿಯ ಸ್ವತ್ತಾಗಿರಬೇಕು. ಸಿಬ್ಬಂದಿಯ ಮೂವತ್ತೆಂಟು ಕೈಗಳನ್ನು ಅಳೆದು, ಟಪಾಲು ವಿಭಾಗದ ಗುಮಾಸ್ತನ ಬಲಗೈಯನ್ನು ಆರಿಸಲಾಯಿತು. ಸರಿಯಾಗಿ ಹದಿನೇಳೂವರೆ ಇಂಚು. ಆ ಗುಮಾಸ್ತ ಅಮ್ಮನವರ ಕಿರಿಯ ಮಗ.

ಅಂದು ಸಂಜೆ ಅಮ್ಮನವರು ಮಗನ ಕೈಯನ್ನು ತಾವೂ ಒಮ್ಮೆ ಅಳೆದು ಖಚಿತಪಡಿಸಿಕೊಂಡರು.

"ನೋಡಿದ್ರಾ? ಊರಿಗೇ ಅಳತೆ ಆಗೋ ಕೈ. ನಾನು ಹೆತ್ತದ್ದು."

"ಕೈ ನಮ್ಮ ಕಡೇದು ಕಣೇ," ಎಂದರು ಯಜಮಾನರು. "ನಿಮ್ಮಪ್ಪನ ಕೈ ನೋಡಿಲ್ವಾ? ಹೋಟೆಲಲ್ಲಿ ಬಿಲ್ಲು ಬಂದ್ರೆ ಜೇಬಿಗೇ ಮುಟ್ತಿರ್ಲಿಲ್ಲ."

"ಅಮ್ಮಾ, ನಾಳೆಯಿಂದ ಈ ಕೈಯಲ್ಲಿ ಭಾರ ಎತ್ತೋ ಹಾಗಿಲ್ಲ, ಬರೆಯೋ ಹಾಗಿಲ್ಲ," ಎಂದ ಮಗ. "ಸವೆಯುತ್ತಂತೆ."

ಫೆಬ್ರವರಿಯಲ್ಲಿ ಕಚೇರಿಯ ಫಲಕದ ಮೇಲೆ ಪ್ರಕಟಣೆ ಬಂತು: "ಸದರಿ ಬಲಗೈಯು ಇಂದಿನಿಂದ ಅಧಿಕೃತ ಮೊಳವಾಗಿರುತ್ತದೆ. ಅದನ್ನು ಕುಲುಕುವುದು, ಎಳೆಯುವುದು, ತಿರುಚುವುದು ನಿಷಿದ್ಧ. ಸದರಿ ಕೈಗೆ ರಜೆ ಮಂಜೂರಾದಾಗ ಉಳಿದ ನೌಕರನೂ ರಜೆಯ ಮೇಲಿರುವನೆಂದು ಭಾವಿಸತಕ್ಕದ್ದು. ಮೊಳ ಹಾಕಿ ಮೊಹರು ಒತ್ತಿದ ಸೌದೆಯನ್ನು ಯಾರೂ, ಯಾವ ಕಾರಣಕ್ಕೂ, ಎಲ್ಲಿಯೂ ಮೊಟಕುಗೊಳಿಸಕೂಡದು." ಕೊನೆಯ ಸಾಲು ತಮ್ಮದೇ ಆದ್ದರಿಂದ ಅಮ್ಮನವರು ಅದನ್ನು ನಕಲು ಮಾಡಿಕೊಂಡು ಬಂದು ರಿಜಿಸ್ಟರಿನಲ್ಲಿ ಅಂಟಿಸಿದರು.

ಮೂರನೆಯ ವಾರ ಮಗ ಉಗುರು ಕತ್ತರಿಸಲು ಹೊರಟಾಗ ಹೆಡ್ ಗುಮಾಸ್ತರು ಓಡಿಬಂದು ತಡೆದರು. ಬೆರಳ ತುದಿ ಎಂದರೆ ಉಗುರು ಸೇರಿಯೋ, ಸೇರದೆಯೋ? ಉಗುರು ಕೈಯ ಅಂಗವೋ, ಕೈಯ ಮೇಲೆ ಬೆಳೆದ ಬೆಳೆಯೋ? ಕಡತ ಆರೋಗ್ಯ ವಿಭಾಗಕ್ಕೆ ಹೋಯಿತು. ಅವರು ತೋಟಗಾರಿಕೆಗೆ ಕಳಿಸಿದರು. ತೋಟಗಾರಿಕೆಯವರು ಬೀಜ ಯಾರು ಪೂರೈಸಿದ್ದೆಂದು ಕೇಳಿ ವಾಪಸು ಕಳಿಸಿದರು. ತೀರ್ಮಾನವಾಗುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳಬೇಕೆಂದು ಆದೇಶ ಹೊರಟಿತು. ಆದೇಶ ಉಗುರಿಗೆ ತಲುಪಲಿಲ್ಲ. ಅದು ಬೆಳೆಯುತ್ತಲೇ ಹೋಯಿತು, ಅದರ ಜೊತೆಗೆ ಸೌದೆಯೂ.

ಸೌದೆ ನೂರರ ಲೆಕ್ಕದಲ್ಲಿ ಮಾರಾಟವಾಗುವುದರಿಂದ ಉದ್ದ ಹೆಚ್ಚಿದಷ್ಟೂ ಮಾರುವವನಿಗೆ ನಷ್ಟ. ಡಿಪೋ ಮಾಲೀಕ ಹನ್ನೊಂದು ನೇಲ್ ಕಟರುಗಳನ್ನು ಉಡುಗೊರೆಯಾಗಿ ಕಳಿಸಿದ. ಬಳಕೆದಾರರ ಸಂಘದವರು ಉಗುರು ಮುರಿಯದಿರಲೆಂದು ಒಂದು ಡಬ್ಬ ಎಣ್ಣೆ ಕಳಿಸಿದರು. ಹೆಡ್ ಗುಮಾಸ್ತರು ಯಾರ ಪಕ್ಷವನ್ನೂ ವಹಿಸದೆ ಎರಡನ್ನೂ ತಮ್ಮ ಮನೆಗೆ ಒಯ್ದರು.

ಬೇಸಿಗೆಯಲ್ಲಿ ಒಳಕೋಣೆಯ ಒಲೆ ಹಚ್ಚುವ ಅಗತ್ಯ ಬೀಳಲಿಲ್ಲ. ಮತ್ತೆ ನವೆಂಬರ್ ಬಂದು, ಹೊಸ ಸೌದೆ ತರಿಸಿ ಹಚ್ಚಿದರೆ ಬಾಗಿಲು ಮುಚ್ಚಲೊಲ್ಲದು. ಅಮ್ಮನವರು ಟೇಪು ಹಿಡಿದರು. ಹದಿನೆಂಟೂವರೆ.

"ಅರ್ಧ ಇಂಚು ತಾನೇ?" ಯಜಮಾನರು ಕೆಮ್ಮಿನ ನಡುವೆ ಹೇಳಿದರು. "ಗರಗಸ ತಗೊಂಡು ಕೊಯ್ದು ಬಿಸಾಕೇ."

"ಕೊಯ್ಯೋ ಹಾಗಿಲ್ಲರೀ."

"ಯಾರು ಹೇಳಿದ್ದು?"

"ನಾನೇ."

ಯಜಮಾನರು ಗೋಡೆಯ ಕಡೆ ತಿರುಗಿ ಉಳಿದ ಕೆಮ್ಮನ್ನು ಮುಗಿಸಿದರು.

ಅಮ್ಮನವರು ಕೆಮ್ಮನ್ನು ಎಣಿಸಿ ಬರೆಯತೊಡಗಿದರು. ಸೋಮವಾರ ತೊಂಬತ್ತೆರಡು. ಗುರುವಾರ ನೂರ ಎಪ್ಪತ್ತು. ಭಾನುವಾರ ಎಣಿಕೆ ತಪ್ಪಿತು. ಅವರ ಲೆಕ್ಕ ತಪ್ಪಿದ್ದು ಅದೇ ಮೊದಲು. ಪೆನ್ನು ಕೆಳಗಿಟ್ಟು ಎದ್ದು, ಮನೆಯ ನೇಲ್ ಕಟರ್ ತಂದು, ಊಟ ಮುಗಿಸಿ ಕೂತಿದ್ದ ಮಗನ ಬಲಗೈಯನ್ನು ಹಿಡಿದುಕೊಂಡರು. ಸೌದೆ ಕೊಯ್ಯಬಾರದೆಂದು ನಿಯಮವಿತ್ತು. ಉಗುರಿನ ವಿಷಯ ಇನ್ನೂ ಪರಿಶೀಲನೆಯಲ್ಲಿತ್ತು.

"ಅಮ್ಮಾ, ಬೇಡಮ್ಮ! ಅದು ಸರ್ಕಾರಿ ಉಗುರು!"

"ಬೆರಳು ನಂದು. ಸುಮ್ನೆ ಕೂತ್ಕೋ."

ಸೋಮವಾರ ಕಚೇರಿಯ ಗೋದಾಮಿನಲ್ಲಿ ಗದ್ದಲವೆದ್ದಿತು. ಆ ಚಳಿಗಾಲಕ್ಕೆಂದು ಮೊಹರು ಒತ್ತಿ ಪೇರಿಸಿದ್ದ ನಲವತ್ತು ಸಾವಿರ ಸೌದೆಗಳಲ್ಲಿ ಒಂದೂ ಅಧಿಕೃತ ಮೊಳಕ್ಕೆ ಹೊಂದಲಿಲ್ಲ. ಅಮ್ಮನವರು ಯಾರೂ ಕರೆಯದೆಯೇ ಹೋಗಿ, ತುಂಡಾದ ಉಗುರನ್ನು ಲಕೋಟೆಯಲ್ಲಿ ಮುಖ್ಯಾಧಿಕಾರಿಯ ಮೇಜಿನ ಮೇಲಿಟ್ಟರು. ಲಕೋಟೆಯ ಮೇಲೆ ತಾರೀಖು, ವೇಳೆ, ಉದ್ದ ಬರೆದಿತ್ತು.

"ನೋಡಿ ಅಮ್ಮಾ," ಎಂದರು ಮುಖ್ಯಾಧಿಕಾರಿ. "ಮೊಹರು ಬಿದ್ದಿರೋ ಸೌದೆ ನಲವತ್ತು ಸಾವಿರ. ಕೈ ಇರೋದು ಒಂದು. ತಪ್ಪು ಯಾರದು, ನೀವೇ ಹೇಳಿ."

"ಸೌದೆ ಉದ್ದ ಇದೆ ಸಾರ್. ಕೈ ಸರಿಯಾಗಿದೆ. ನನ್ನ ಹತ್ರ ಅಳತೆ ಇದೆ."

"ನಿಮ್ಮ ಹತ್ರ ಅಳತೆ ಇದೆ. ಸೌದೆ ಹತ್ರ ಮೊಹರಿದೆ, ಪ್ರತಿ ನೂರಕ್ಕೂ ಮೂರು ಸಹಿ ಇದೆ. ಸೌದೆ ತಪ್ಪು ಅಂದ್ರೆ ಮೂರು ಜನ ಅಧಿಕಾರಿಗಳು ತಪ್ಪು. ಕೈ ತಪ್ಪು ಅಂದ್ರೆ ಒಬ್ಬ ಗುಮಾಸ್ತ ಮಾತ್ರ."

"ಹಾಗಾದ್ರೆ ಕೈ?"

"ಗಿಡ್ಡ ಆಗಿದೆ."

ಅಮ್ಮನವರು ತರ್ಕದಲ್ಲಿ ದೋಷ ಹುಡುಕಿದರು. ದಾಖಲೆಗಳೆಲ್ಲ ಸೌದೆಯ ಕಡೆಗಿದ್ದವು. ದಾಖಲೆಯ ವಿರುದ್ಧ ಅವರು ಜನ್ಮದಲ್ಲಿ ಮಾತಾಡಿದವರಲ್ಲ.

"ನಮ್ಮನೇಲಿ ಇವರಿಗೆ ಕೆಮ್ಮು ಸಾರ್. ಒಲೆ ಬಾಗಿಲು ಮುಚ್ಚಬೇಕು, ಅಷ್ಟೇ."

"ಅದಕ್ಕೇನು, ಅವಕಾಶ ಇದೆಯಲ್ಲ! ಸೌದೆ ಮೊಟಕು ಮಾಡಬಾರದು ಅಂತಿದೆ. ಒಲೆ ಉದ್ದ ಮಾಡಬಾರದು ಅಂತ ಎಲ್ಲಿದೆ?"

ಅದು ಎಲ್ಲಿಯೂ ಇರಲಿಲ್ಲ.

ಅಧಿಕೃತ ಮೊಳವನ್ನು ಸೌದೆಯ ಅಳತೆಗೆ ಸರಿಪಡಿಸಲು ಆದೇಶವಾಯಿತು. ಬಡಗಿಯೊಬ್ಬ ಮೊಹರು ಬಿದ್ದ ಸೌದೆಯಿಂದಲೇ ಒಂದಿಂಚಿನ ಟೊಪ್ಪಿಗೆ ಕೆತ್ತಿ ಮಗನ ನಡುಬೆರಳಿಗೆ ಕೂರಿಸಿದ. ಮಗನಿಗೆ ಮೊಳ ಮೇಲ್ವಿಚಾರಕನೆಂದು ಬಡ್ತಿ ಸಿಕ್ಕಿತು. ಅಂದಿನಿಂದ ಬೆಳಿಗ್ಗೆ ಸೌದೆಯಿಂದ ಕೈಯನ್ನು ಅಳೆಯುತ್ತಾರೆ, ಮಧ್ಯಾಹ್ನ ಕೈಯಿಂದ ಸೌದೆಯನ್ನು. ಎರಡೂ ತಾಳೆಯಾಗುತ್ತವೆ. ಡಿಪೋ ಮಾಲೀಕನೂ ತೃಪ್ತನಾಗಿದ್ದಾನೆ; ನೂರು ಸೌದೆ ಎಂದರೆ ಎಂಬತ್ತೆಂಟು ಎಂದು ಹೊಸ ಸುತ್ತೋಲೆ ಬಂದಿದೆ.

ಮನೆಗೆ ಬಂದ ಕಮ್ಮಾರ ಒಲೆಯನ್ನು ಒಂದಿಂಚು ಬೆಳೆಸಿದರೆ ಸಾಲದೆಂದ. "ಟೊಪ್ಪಿಗೆ ಒಳಗೂ ಉಗುರು ಬೆಳೆಯುತ್ತಲ್ಲಮ್ಮ. ಎರಡಿಂಚು ಹಾಕ್ತೀನಿ." ಅವನ ದೂರದೃಷ್ಟಿಯನ್ನು ಅಮ್ಮನವರು ಮೆಚ್ಚಿದರು. ಕೋಣೆ ಒಂಬತ್ತೂವರೆ ಅಡಿ. ಮಂಚ, ಒಲೆ, ಒಲೆಯ ಕಟ್ಟೆ ಸೇರಿ ಅದುವರೆಗೆ ಒಂದಿಂಚು ಉಳಿಯುತ್ತಿತ್ತು. ಈಗ ಒಂದಿಂಚು ಸಾಲದಾಯಿತು. ಮಂಚವನ್ನು ಅಡ್ಡ ಹಾಕಿದರೆ ಕೋಣೆಯ ಬಾಗಿಲು ತೆರೆಯದು. ಯಜಮಾನರ ಹಾಸಿಗೆ ನಡುಮನೆಗೆ ಬಂತು. ಅಲ್ಲಿ ಒಲೆಯಿಲ್ಲ.

ಒಳಕೋಣೆಯಲ್ಲಿ ಈಗ ಸೌದೆ ಸಲೀಸಾಗಿ ಹಿಡಿಸುತ್ತದೆ, ಬಾಗಿಲು ಟಕ್ಕೆಂದು ಮುಚ್ಚುತ್ತದೆ, ಹೊಗೆಯಿಲ್ಲ.

"ಹೇಗಿದೆಯೇ ಕೋಣೆ?" ಯಜಮಾನರು ನಡುಮನೆಯಿಂದ ಕಂಬಳಿಯೊಳಗಿಂದಲೇ ಕೇಳುತ್ತಾರೆ.

"ಬೆಚ್ಚಗಿದೆ ರೀ. ಚೆನ್ನಾಗಿದೆ."

"ಸದ್ಯ. ಅದಕ್ಕಾದ್ರೂ ಕೆಮ್ಮು ವಾಸಿಯಾಯ್ತಲ್ಲ."

ಒಟ್ಟು ತಗುಲಿದ ವೆಚ್ಚ: ಕಬ್ಬಿಣದ ತಗಡು ಎರಡಿಂಚು, ಕಮ್ಮಾರನ ಒಂದು ದಿನದ ಕೂಲಿ, ಮಂಚ ಹೊತ್ತ ಇಬ್ಬರಿಗೆ ಊಟ. ನೇಲ್ ಕಟರ್ ಒಂದು, ಕಚೇರಿಯ ವಶದಲ್ಲಿದೆ. ಮಗನ ಬಲಗೈ, ನಿವೃತ್ತಿಯವರೆಗೆ. ಯಜಮಾನರ ಕೆಮ್ಮು, ನಿನ್ನೆಯ ಲೆಕ್ಕದಂತೆ ಇನ್ನೂರ ಆರು.